ಅರ್ಧ ಮೇಜಿನಷ್ಟು ಜಾಗ

ಟೋಕಿಯೊದ ಕಾಮಿಕೆಟ್ ಅಂದರೆ ಅಭಿಮಾನಿಗಳು ತಾವೇ ಮಾಡಿದ ಪುಸ್ತಕಗಳನ್ನು ಮಾರುವ ಸಂತೆ. ಅಲ್ಲಿ ಒಂದು ತಂಡಕ್ಕೆ ಸಿಗುವುದು ಅರ್ಧ ಮೇಜು. 90 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ, ಕೂರಲು ಎರಡು ಮಡಚುವ ಕುರ್ಚಿ. ಉಳಿದರ್ಧದಲ್ಲಿ ಪಕ್ಕದ ತಂಡದವರು ಮೊಣಕೈಗೆ ಮೊಣಕೈ ತಾಗುವಂತೆ ಕೂತಿರುತ್ತಾರೆ. ಮೇಜಿನ ಮೇಲೊಂದು ಬಟ್ಟೆ ಹಾಸಿ, ಅದರ ಮೇಲೆ ತಾವೇ ಕಥೆ ಕಟ್ಟಿ, ತಾವೇ ಚಿತ್ರ ಬಿಡಿಸಿ, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ತೆಳ್ಳನೆಯ ಪುಸ್ತಕಗಳನ್ನು ಜೋಡಿಸಿಟ್ಟಿರುತ್ತಾರೆ. ಅವೇ ದೋಜಿನ್‌ಶಿ. ಇಂಥ ಮೇಜುಗಳು ಒಂದೊಂದು ದಿನಕ್ಕೆ ಸಾವಿರಗಟ್ಟಲೆ. ಅನಿಮೆ (ಜಪಾನಿನ ಅನಿಮೇಷನ್), ಮಾಂಗಾ (ಅಲ್ಲಿನ ಕಾಮಿಕ್ಸ್) ಅಂದರೆ ಜೀವ ಬಿಡುವ ನನಗೆ ಇದಕ್ಕಿಂತ ಇಷ್ಟದ ಜಾಗ ಇನ್ನೊಂದು ಸಿಕ್ಕಿಲ್ಲ.

‘ಕಾನ್‌ಗೆ ಹೋಗಿ ಏನು ಮಾಡ್ತೀಯ?’ ಅಂತ ಮನೆಯವರೂ ಕೇಳುತ್ತಾರೆ, ಆಫೀಸಿನವರೂ ಕೇಳುತ್ತಾರೆ. ಕಾನ್ ಅಂದರೆ ಇಂಥ ಅಭಿಮಾನಿಗಳ ಸಮಾವೇಶ. ಟಿವಿ ಇದೆ, ಫೋನ್ ಇದೆ, ಬೇಕಾದ ಸರಣಿ ಮನೆಯಲ್ಲೇ ನೋಡಬಹುದು. ಮತ್ತೆ ಅಷ್ಟು ದುಡ್ಡು ಕೊಟ್ಟು, ಬಿಸಿಲಲ್ಲಿ ನಿಂತು, ಆ ನೂಕುನುಗ್ಗಲಲ್ಲಿ ನಿನಗೇನು ಸಿಗುತ್ತೆ ಅನ್ನುವುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನೋಡುವುದಷ್ಟೇ ಆಗಿದ್ದರೆ ನಾನೂ ಹೋಗುತ್ತಿರಲಿಲ್ಲ. ನೋಡಿದ್ದು ಮನಸ್ಸಿಗೆ ಹತ್ತಿದ ಮೇಲೆ ಕೈ ಸುಮ್ಮನಿರದ ಜನ ಇರುತ್ತಾರಲ್ಲ, ಅವರನ್ನು ಕಾಣಲಿಕ್ಕೆ ನಾನು ಹೋಗುವುದು. ಒಬ್ಬಳು ಹೊಲಿದಿರುತ್ತಾಳೆ, ಒಬ್ಬ ಬರೆದಿರುತ್ತಾನೆ, ಇನ್ನೊಬ್ಬರು ಜೇಡಿಮಣ್ಣಲ್ಲಿ ಪುಟ್ಟ ಗೊಂಬೆ ಮಾಡಿರುತ್ತಾರೆ. ಕಥೆ ಅವರೊಳಗೆ ಹೋಗಿ ಇನ್ನೇನೋ ಆಗಿ ಹೊರಗೆ ಬಂದಿರುತ್ತದೆ. ಅದನ್ನು ಮಾಡಿದವರ ಎದುರಿಗೇ ನಿಂತು ನೋಡುವ ಅವಕಾಶ ಕಾನ್‌ನಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗುವುದಿಲ್ಲ.

ಕಾಮಿಕೆಟ್ ಹುಟ್ಟಿದ ಕಥೆ ಗೊತ್ತಾದಾಗ ನನ್ನ ಈ ಅನಿಸಿಕೆಗೆ ಒಂದು ಬೆನ್ನೆಲುಬು ಸಿಕ್ಕಿತು. 1975ರಲ್ಲಿ ಜಪಾನಿನಲ್ಲಿ ಆಗಲೇ ಮಾಂಗಾ ಅಭಿಮಾನಿಗಳ ಒಂದು ಸಮ್ಮೇಳನ ನಡೆಯುತ್ತಿತ್ತು. ಅದರ ವ್ಯವಸ್ಥೆಯನ್ನು ಟೀಕಿಸಿದ ಅಭಿಮಾನಿಯೊಬ್ಬರಿಗೆ ಸಂಘಟಕರು ಪ್ರವೇಶ ನಿರಾಕರಿಸಿದರು. ಇದನ್ನು ವಿರೋಧಿಸಿದ ‘ಮೇಕ್ಯು’ ಎಂಬ ವಿಮರ್ಶಕರ ಪುಟ್ಟ ಗುಂಪು, ಯಾರನ್ನೂ ಬಾಗಿಲಿಂದಾಚೆ ನಿಲ್ಲಿಸದ ನಮ್ಮದೇ ಒಂದು ಜಾಗ ಇರಲಿ ಅಂತ ಹೊರಟಿತು. ಆ ವರ್ಷ ಡಿಸೆಂಬರ್ 21ರಂದು ಟೋಕಿಯೊದ ತೊರಾನೊಮೊನ್‌ನ ಒಂದು ಸಭಾಂಗಣದಲ್ಲಿ ಮೊದಲ ಕಾಮಿಕೆಟ್ ಸೇರಿತು. ಬಂದಿದ್ದು 32 ತಂಡ, ಸುಮಾರು 700 ಜನ. ಅವರಲ್ಲಿ ಬಹುಪಾಲು ಹೈಸ್ಕೂಲು, ಮಿಡ್ಲ್ ಸ್ಕೂಲಿನ ಹುಡುಗಿಯರು. ಹಗಿಯೊ ಮೊಟೊ ಅವರಂಥ ಲೇಖಕಿಯರ ಶೋಜೊ ಮಾಂಗಾ, ಅಂದರೆ ಹುಡುಗಿಯರಿಗೆಂದೇ ಬರೆದ ಮಾಂಗಾ, ಓದಿ ತಲೆ ಕೆಡಿಸಿಕೊಂಡವರು. ಫ್ಯಾನ್ ಲೋಕ ಅಂದರೆ ಹುಡುಗರದ್ದು, ಹುಡುಗಿಯರು ಆಮೇಲೆ ಬಂದು ಸೇರಿಕೊಂಡವರು ಅಂತ ಯಾರಾದರೂ ಹೇಳಿದರೆ ನಾನು ಈ ಸಭಾಂಗಣವನ್ನು ನೆನಪಿಸುತ್ತೇನೆ. ಬಾಗಿಲು ತೆರೆದ ದಿನ ಒಳಗೆ ತುಂಬಿದ್ದವರೇ ಅವರು.

ಮೇಕ್ಯು ಗುಂಪಿನ ಯೊನೆಜಾವಾ ಯೊಶಿಹಿರೊ 1980ರಿಂದ 2006ರಲ್ಲಿ ತೀರಿಕೊಳ್ಳುವವರೆಗೂ ಇದರ ಮುಖ್ಯಸ್ಥರಾಗಿದ್ದರು. ಅವರು ಕೂಡಿಟ್ಟ ಪುಸ್ತಕ, ಪತ್ರಿಕೆಗಳ ರಾಶಿ ಈಗ ಮೇಜಿ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನದೇ ಗ್ರಂಥಾಲಯವಾಗಿದೆ. ಕಾಮಿಕೆಟ್‌ಗೆ ಅವರ ಕಾಲದಲ್ಲಿ ಗಟ್ಟಿಯಾದ ಒಂದು ನಿಯಮ ಇವತ್ತಿಗೂ ಹಾಗೇ ಇದೆ. ಇಲ್ಲಿ ಗಿರಾಕಿ ಅನ್ನುವವರು ಯಾರೂ ಇಲ್ಲ. ಪುಸ್ತಕ ಮಾರುವವರು, ಕೊಳ್ಳುವವರು, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು, ಎಲ್ಲರೂ ಭಾಗವಹಿಸುವವರೇ, ಎಲ್ಲರಿಗೂ ಒಂದೇ ಹಕ್ಕು, ಒಂದೇ ಹೊಣೆ. ಗಲಾಟೆಯಾದರೆ ‘ಅವರೇನೂ ಮಾಡಲಿಲ್ಲ’ ಅಂತ ದೂರಲು ಅಲ್ಲಿ ‘ಅವರು’ ಅಂತ ಯಾರೂ ಇರುವುದಿಲ್ಲ.

ಮೊದಲು ಓದಿದಾಗ ಇದು ಬರೀ ಒಳ್ಳೆಯ ಮಾತಾಗಿ ಕಂಡಿತ್ತು. ಚಳಿಗಾಲದ ಕಾಮಿಕೆಟ್‌ಗೆ ಹೋದ ಮೇಲೆ ಅದು ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ಕಂಡೆ.

ಆಗಸ್ಟ್‌ನಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ಕಾಮಿಕೆಟ್ ಸೇರುತ್ತದೆ. ಜಾಗ, 1996ರಿಂದ ಈಚೆಗೆ, ಅರಿಯಾಕೆಯ ಟೋಕಿಯೊ ಬಿಗ್ ಸೈಟ್. ತಲೆಕೆಳಗಾಗಿ ನಿಲ್ಲಿಸಿದ ಪಿರಮಿಡ್‌ಗಳ ಆ ಕಟ್ಟಡವನ್ನು ಅನಿಮೆಗಳಲ್ಲಿ ನೋಡಿ ನೋಡಿ ಎಷ್ಟು ಪರಿಚಯವಾಗಿತ್ತೆಂದರೆ, ರಿಂಕಾಯ್ ಲೈನಿನ ರೈಲು ಇಳಿದು ಮೇಲೆ ಬಂದು ಅದನ್ನು ಕಂಡಾಗ ಊರಿನ ಗೋಪುರ ಕಂಡಷ್ಟು ಖುಷಿಯಾಯಿತು. ಕೊಲ್ಲಿಯಿಂದ ಬೀಸುವ ಗಾಳಿಗೆ ಕಿವಿ ಉರಿಯುತ್ತದೆ. ಸಾಲು ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೊತ್ತಾಗುವುದೇ ಇಲ್ಲ. ಆದರೂ ಅದು ಸದ್ದಿಲ್ಲದೆ ಹೋಳು ಹೋಳಾಗಿ ಸರಿಯುತ್ತದೆ. ಸ್ವಯಂಸೇವಕ ಕೈಯೆತ್ತಿದರೆ ನೂರಾರು ಜನ ಒಟ್ಟಿಗೆ ಏಳುತ್ತಾರೆ, ಇನ್ನೊಬ್ಬ ಕೈಯೆತ್ತಿದರೆ ಅಷ್ಟೂ ಜನ ನಿಲ್ಲುತ್ತಾರೆ. 2019ರ ಡಿಸೆಂಬರ್‌ನ ನಾಲ್ಕು ದಿನಗಳಲ್ಲಿ ಇಲ್ಲಿಗೆ ಏಳೂವರೆ ಲಕ್ಷ ಜನ ಬಂದಿದ್ದರು. ಕೋವಿಡ್ ಆದ ಮೇಲೆ ಮುಂಗಡ ಟಿಕೆಟ್ ಬಂದು ದಿನಕ್ಕಿಷ್ಟೇ ಜನ ಅಂತ ಮಿತಿಯಾಗಿದೆ.

ಒಳಗೆ ಹೋದ ಮೇಲೆ ಕಂಡ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕು. ಹೆಸರು ಮಾಡಿದ ತಂಡಗಳ ಮುಂದೆ ಉದ್ದ ಸಾಲು ಇರುತ್ತದೆ. ಆ ಸಾಲಿನ ಕಟ್ಟಕಡೆಯವರ ಕೈಯಲ್ಲಿ ಒಂದು ಫಲಕ: ‘ಸಾಲಿನ ಕೊನೆ ಇಲ್ಲಿ’. ನೀವು ಹೋಗಿ ನಿಂತ ಕೂಡಲೇ ಮುಂದಿನವರು ತಿರುಗಿ, ತಲೆ ಬಾಗಿಸಿ, ಫಲಕವನ್ನು ನಿಮ್ಮ ಕೈಗೆ ಕೊಡುತ್ತಾರೆ. ನಿಮ್ಮ ಹಿಂದೆ ಇನ್ನೊಬ್ಬರು ಬರುವವರೆಗೂ ಅದನ್ನು ಎತ್ತಿ ಹಿಡಿಯುವುದು ನಿಮ್ಮ ಕೆಲಸ. ನನಗೆ ಕೊಟ್ಟವಳು ಕಾಲೇಜು ಹುಡುಗಿ. ಜಪಾನಿ ನನಗೆ ಅಷ್ಟಕ್ಕಷ್ಟೇ ಬರುತ್ತದೆ ಅಂತ ಅವಳಿಗೆ ಗೊತ್ತಾಗಿತ್ತು. ಫಲಕದ ಮುಖ ಯಾವ ಕಡೆಗಿರಬೇಕು ಅಂತ ಕೈಯಿಂದ ತೋರಿಸಿ, ಸರಿಯಾಗಿ ಹಿಡಿದ ಮೇಲೆ ತಲೆಯಾಡಿಸಿ ಮುಂದಕ್ಕೆ ತಿರುಗಿದಳು. ಎರಡು ನಿಮಿಷ ಆ ಸಾಲಿನ ಕೊನೆ ನನ್ನ ಸುಪರ್ದಿಯಲ್ಲಿತ್ತು. ದೂರದೂರಿಂದ ಬಂದವಳು, ಯಾರ ಪರಿಚಯವೂ ಇಲ್ಲ, ಆದರೂ ಬಂದು ಅರ್ಧ ಗಂಟೆಯಲ್ಲಿ ನನಗೊಂದು ಕೆಲಸ ಸಿಕ್ಕಿತ್ತು. ಯಾವ ಸ್ವಾಗತ ಭಾಷಣವೂ ನನ್ನನ್ನು ಅಷ್ಟು ಬೇಗ ಒಳಗೆ ಸೇರಿಸಿಕೊಂಡಿರಲಾರದು.

ದೊಡ್ಡ ಸಾಲುಗಳನ್ನು ಬಿಟ್ಟು ಒಳಗಿನ ಓಣಿಗಳಿಗೆ ಹೋದರೆ ಅಲ್ಲಿನ ಲೋಕವೇ ಬೇರೆ. ಒಂದು ಮೇಜಿನ ಮೇಲೆ ಮೂರೇ ಪುಸ್ತಕ. ಕೂತಿದ್ದವರು ಐವತ್ತರ ಆಸುಪಾಸಿನ ಗಂಡಸು, ಕೊರಳಿಗೆ ಉಣ್ಣೆಯ ಶಾಲು. ‘ನೋಡಬಹುದಾ?’ ಅಂತ ಕೇಳಿದೆ. ಅಲ್ಲಿ ಹಾಗೆ ಕೇಳಿಯೇ ಮುಟ್ಟುವುದು ಮರ್ಯಾದೆ. ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ತಮಗೆ ಇಷ್ಟವಾದ ಒಂದು ಅನಿಮೆಯಲ್ಲಿ ಬರುವ ಹಳ್ಳಿ ರೈಲು ನಿಲ್ದಾಣ, ಸೇತುವೆ, ದೇಗುಲದ ಮೆಟ್ಟಿಲುಗಳನ್ನೆಲ್ಲ ಹುಡುಕಿಕೊಂಡು ಹೋಗಿ, ಕೂತು ಪೆನ್ಸಿಲ್‌ನಲ್ಲಿ ಬಿಡಿಸಿದ್ದಾರೆ. ಪ್ರತಿ ಚಿತ್ರದ ಕೆಳಗೆ ಸಣ್ಣ ಟಿಪ್ಪಣಿ: ಬೆಳಕು ಎಷ್ಟು ಹೊತ್ತಿಗೆ ಸರಣಿಯಲ್ಲಿರುವ ಹಾಗೆ ಬೀಳುತ್ತದೆ, ರೈಲು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ಶೌಚಾಲಯ ಎಲ್ಲಿದೆ, ಯಾವ ಕಟ್ಟೆಯ ಮೇಲೆ ಕೂರಬಾರದು. ಅದು ಊರಿನ ಅಜ್ಜಿಯೊಬ್ಬರು ದಿನಾ ಕೂರುವ ಜಾಗವಂತೆ. ಈ ಕೊನೆಯ ಟಿಪ್ಪಣಿಗೆ ನಾನು ಸೋತುಹೋದೆ. ಐನೂರು ಯೆನ್ ನಾಣ್ಯ ಕೊಟ್ಟೆ. ಸಣ್ಣ ದೋಜಿನ್‌ಶಿಗಳ ಬೆಲೆ ಹೆಚ್ಚಾಗಿ ಇಷ್ಟೇ ಇರುತ್ತದೆ. ಚಿಲ್ಲರೆ ತರುವುದು ಬಂದವರ ಹೊಣೆ. ಯಾವ ಊರು ಅಂತ ಕೇಳಿದರು. ಬೆಂಗಳೂರು ಅಂದೆ. ಹಿಂದಿನ ಪುಟ ತೆರೆದು, ನಿಲ್ದಾಣಕ್ಕೆ ಹೋಗುವ ದಾರಿಯನ್ನು ಪೆನ್ನಿನಲ್ಲಿ ಇನ್ನೊಮ್ಮೆ ದಪ್ಪಗೆ ತಿದ್ದಿ ಕೊಟ್ಟರು.

ಆ ಪುಸ್ತಕದ ಪ್ರತಿಗಳು ಎಷ್ಟು ಖರ್ಚಾದವೋ, ಅಚ್ಚಿನ ದುಡ್ಡು ಹುಟ್ಟಿತೋ ಇಲ್ಲವೋ, ಆ ಲೆಕ್ಕ ಅವರ ಮುಖದಲ್ಲಿ ಕಾಣಲಿಲ್ಲ. ಕಾಮಿಕೆಟ್‌ಗೆ ತರುವ ಪ್ರತಿ ಹೊಸ ಪುಸ್ತಕದ ಒಂದು ಪ್ರತಿಯನ್ನು ಸಂಘಟಕರಿಗೆ ಕೊಡಬೇಕು. ಅವರು ಅದನ್ನು ಕಾಪಾಡಿಡುತ್ತಾರೆ. ಹತ್ತೇ ಜನ ಓದಿದ ಪುಸ್ತಕವೂ ಒಂದು ಕಡೆ ಉಳಿದುಕೊಂಡಿರುತ್ತದೆ.

ಈ ಮೇಜುಗಳಿಂದ ಎದ್ದು ದೊಡ್ಡದಾದವರ ಕಥೆಗಳು ಫ್ಯಾನ್‌ಗಳಿಗೆಲ್ಲ ಗೊತ್ತಿರುವವೇ. ಹೆಸರಾಂತ ಮಾಂಗಾ ತಂಡ ಕ್ಲ್ಯಾಂಪ್ ಶುರುವಾಗಿದ್ದು ದೋಜಿನ್‌ಶಿ ಮಾಡುವ ಹುಡುಗಿಯರ ತಂಡವಾಗಿ. ವಿಡಿಯೊ ಗೇಮ್ ಮಾಡುವ ಟೈಪ್-ಮೂನ್ ತನ್ನ ಮೊದಲ ಆಟವನ್ನು ಮಾರಿದ್ದು 2000ದ ಡಿಸೆಂಬರ್‌ನ ಕಾಮಿಕೆಟ್‌ನಲ್ಲಿ. ಇದನ್ನು ಹೇಳಿ ‘ನೋಡಿ, ಹವ್ಯಾಸದಿಂದ ಉದ್ಯಮವಾಯಿತು’ ಅಂತ ಮಾತು ಮುಗಿಸುವುದು ಸುಲಭ. ನನಗೆ ಮಾತ್ರ ಪೆನ್ಸಿಲ್‌ನಲ್ಲಿ ನಿಲ್ದಾಣ ಬಿಡಿಸಿದವರು ಅವರೆಲ್ಲರಷ್ಟೇ ದೊಡ್ಡವರು. ಅವರಿಗೆ ಉದ್ಯಮ ಬೇಕಿಲ್ಲ, ಓದುವವರೊಬ್ಬರು ಬೇಕು. ಆ ಓದುವವರನ್ನು ಅವರೆದುರು ತಂದು ನಿಲ್ಲಿಸಲಿಕ್ಕೆಂದೇ ಇಷ್ಟು ದೊಡ್ಡ ವ್ಯವಸ್ಥೆ ಇರುವುದು.

ಇನ್ನು ಬೆಂಗಳೂರು. ಇಲ್ಲಿ ಮೊದಲ ಕಾಮಿಕ್ ಕಾನ್ ನಡೆದದ್ದು 2012ರ ಸೆಪ್ಟೆಂಬರ್‌ನಲ್ಲಿ, ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ. ದಿಲ್ಲಿಯಲ್ಲಿ 2011ರಲ್ಲಿ ಶುರುವಾದದ್ದು ಮರುವರ್ಷವೇ ನಮ್ಮೂರಿಗೂ ಬಂತು. ಆಮೇಲೆ ಜನ ಹೆಚ್ಚಿದಂತೆ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಅಂಗಳಕ್ಕೆ ಹೋಯಿತು. ಶಾಲೆಯಿಂದ ಬಂದು ಅನಿಮ್ಯಾಕ್ಸ್ ಚಾನೆಲ್ ಮುಂದೆ ಕೂರುತ್ತಿದ್ದ ನನ್ನ ತಲೆಮಾರಿನವರಿಗೆ, ಕ್ಲಾಸಿನಲ್ಲಿ ಇದನ್ನೆಲ್ಲ ನೋಡುವವಳು ನಾನೊಬ್ಬಳೇ ಅಂದುಕೊಂಡಿದ್ದವರಿಗೆ, ಅಷ್ಟೊಂದು ಜನರನ್ನು ಒಟ್ಟಿಗೆ ಕಂಡದ್ದು ಎಂಥ ಸಂಭ್ರಮ ಅನ್ನುವುದು ಈಗಿನ ಹುಡುಗರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಅವರಿಗೆ ಈಗ ಕ್ಲಾಸಿನ ಅರ್ಧ ಜನ ಅನಿಮೆ ನೋಡುವವರೇ. ಅದು ಸಂತೋಷದ ವಿಷಯ.

ಕಾಮಿಕೆಟ್‌ಗೆ ಮೆಚ್ಚಿನ ಪಾತ್ರದ ವೇಷ ಹಾಕಿಕೊಂಡು ಮನೆಯಿಂದ ಬರುವಂತಿಲ್ಲ. ಅಲ್ಲಿಗೆ ಬಂದು ಬದಲಿಸಿಕೊಂಡು, ಹೋಗುವಾಗ ತೆಗೆದಿಡಬೇಕು. ಬೆಂಗಳೂರಿನಲ್ಲಿ ನೇರಳೆ ಮೆಟ್ರೊ ಲೈನೇ ಮೊದಲ ವೇದಿಕೆ. ಕಾನ್ ದಿನ ಬೆಳಿಗ್ಗೆ ವೈಟ್‌ಫೀಲ್ಡ್ ಕಡೆಗಿನ ರೈಲಿನಲ್ಲಿ ಬೆನ್ನಿಗೆ ಆಳೆತ್ತರದ ಕತ್ತಿ ಕಟ್ಟಿಕೊಂಡ ಹುಡುಗ, ಬೆಳ್ಳಿ ಬಣ್ಣದ ವಿಗ್ ಬಾಚಿಕೊಳ್ಳುತ್ತಿರುವ ಹುಡುಗಿ, ಅವರ ನಡುವೆ ತರಕಾರಿ ಚೀಲ ಹಿಡಿದ ಅಮ್ಮ. ‘ಏನಮ್ಮ ಇದು, ನಾಟಕನಾ?’ ಅಂತ ಅಮ್ಮ ಕೇಳಿದರೆ, ಹುಡುಗಿ ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಇಡೀ ಸರಣಿಯ ಕಥೆ ಹೇಳಿರುತ್ತಾಳೆ. ಇದು ನನಗೆ ಬಹಳ ಪ್ರೀತಿಯ ದೃಶ್ಯ. ನಮ್ಮ ಕಾನ್ ರಸ್ತೆಯಲ್ಲೇ ಶುರುವಾಗಿಬಿಡುತ್ತದೆ, ಹಾಗೇ ಆಗಬೇಕು.

ಆ ವೇಷಗಳನ್ನು ಹತ್ತಿರದಿಂದ ನೋಡಿ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ತಂದ ಬಟ್ಟೆ, ಯೋಗ ಮ್ಯಾಟ್ ಕತ್ತರಿಸಿ ಹೀಟ್ ಗನ್ನಿನಲ್ಲಿ ಬಗ್ಗಿಸಿದ ಎದೆಗವಚ, ಅದರ ಮೇಲೆ ಮೂರು ಪದರ ಬಣ್ಣ, ಅಂಚಿನಲ್ಲಿ ಸವೆತ ಕಾಣಲೆಂದು ಒಣ ಕುಂಚದಿಂದ ಎಳೆದ ಬೆಳ್ಳಿ ಗೆರೆ. ಒಮ್ಮೆ ಕೈಪಟ್ಟಿ ಕಿತ್ತು ಬಂದಿದ್ದ ಹುಡುಗನೊಬ್ಬ ಗೋಡೆ ಪಕ್ಕದ ಪ್ಲಗ್ಗಿಗೆ ಗ್ಲೂ ಗನ್ ಹಾಕಿ ಕೂತಿದ್ದ. ಅವನ ಪಾತ್ರದ ಬದ್ಧ ವೈರಿಯ ವೇಷದಲ್ಲಿದ್ದವನು ಎದುರಿಗೆ ಮಂಡಿಯೂರಿ ಆ ಕೈಯನ್ನು ಅಲುಗಾಡದಂತೆ ಹಿಡಿದುಕೊಂಡಿದ್ದ. ಇಬ್ಬರಿಗೂ ಮೊದಲ ಪರಿಚಯ. 1939ರ ಜುಲೈನಲ್ಲಿ ನ್ಯೂಯಾರ್ಕ್‌ನ ಮೊದಲ ವಿಶ್ವ ವಿಜ್ಞಾನ ಕಾದಂಬರಿ ಸಮ್ಮೇಳನಕ್ಕೆ ಇಬ್ಬರು ಭವಿಷ್ಯದ ಉಡುಪು ತೊಟ್ಟು ಬಂದಿದ್ದರು, ಫಾರೆಸ್ಟ್ ಅಕರ್‌ಮನ್ ಮತ್ತು ಮರ್ಟಲ್ ಡಗ್ಲಸ್. ಹೆಸರು ಹೆಚ್ಚು ಬಂದದ್ದು ಅಕರ್‌ಮನ್‌ಗೆ. ಎರಡೂ ಉಡುಪು ತಯಾರಿಸಿದವರು ಡಗ್ಲಸ್. ಅವರ ಹೆಸರನ್ನು ನಾನು ಸಿಕ್ಕ ಕಡೆಯೆಲ್ಲ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ. ಕಾಸ್ಪ್ಲೇ, ಅಂದರೆ ಹೀಗೆ ಪಾತ್ರದ ವೇಷ ಕಟ್ಟುವುದು, ಮೊದಲ ದಿನದಿಂದಲೂ ಹೊಲಿಯುವವರ ಕಲೆ.

ದೊಡ್ಡ ವೇದಿಕೆ, ಗೇಮಿಂಗ್ ಮಳಿಗೆ, ಕಂಪನಿಗಳ ಟಿ-ಶರ್ಟು, ಪಾತ್ರಗಳ ಗೊಂಬೆಗಳು ಎಲ್ಲ ಇರಲಿ. ನಾನೂ ಕೊಳ್ಳುತ್ತೇನೆ. ಆದರೆ ಅವು ಇವತ್ತಲ್ಲದಿದ್ದರೆ ನಾಳೆ ಆನ್‌ಲೈನ್‌ನಲ್ಲಿ ಸಿಗುವಂಥವು. ಚಿತ್ರ ಬಿಡಿಸುವವರ ಮೇಜುಗಳು ಆ ಎರಡು ಮೂರು ದಿನ ಬಿಟ್ಟರೆ ಮತ್ತೆಲ್ಲೂ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಕಾನ್‌ಗೆ ಹೊಸದಾಗಿ ಹೋಗುವವರಿಗೆ ನಾನು ಕೊಡುವ ಸಲಹೆ ಒಂದೇ: ಕೈಯಲ್ಲಿ ದುಡ್ಡೂ ಕಾಲಲ್ಲಿ ಕಸುವೂ ಇರುವಾಗಲೇ ಮೊದಲು ಅಲ್ಲಿಗೆ ಹೋಗಿ. ಸಂಜೆ ಹೊತ್ತಿಗೆ ಎರಡೂ ಖಾಲಿಯಾಗಿರುತ್ತವೆ.

ಆ ಮೇಜುಗಳ ಮುಂದೆ ನಡೆಯುವಾಗ ಪ್ರತಿ ಸಲ ನನ್ನ ಕಣ್ಣು ಕನ್ನಡ ಅಕ್ಷರಕ್ಕಾಗಿ ಹುಡುಕುತ್ತದೆ. ಸ್ಟಿಕರ್‌ಗಳಲ್ಲಿ, ಬ್ಯಾಡ್ಜ್‌ಗಳಲ್ಲಿ ಆಗಾಗ ಸಿಗುತ್ತದೆ. ‘ಏನ್ ಗುರು’ ಅನ್ನುವ ಬೆಕ್ಕು, ಫಿಲ್ಟರ್ ಕಾಫಿ ಲೋಟ, ಹೀಗೆ. ಕನ್ನಡದಲ್ಲಿ ಒಂದು ಕಥೆ, ಹದಿನಾರು ಪುಟದ್ದಾದರೂ ಸರಿ, ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅನಿಮೆಯ ತಮಿಳು, ತೆಲುಗು ಡಬ್ಬಿಂಗ್‌ಗಳು ಬಂದಿವೆ, ನಾವು ಕನ್ನಡಿಗರು ಹೆಚ್ಚಾಗಿ ಇಂಗ್ಲಿಷ್ ಸಬ್‌ಟೈಟಲ್‌ನಲ್ಲೇ ನಡೆಸಿಕೊಂಡು ಬಂದಿದ್ದೇವೆ. ನಮ್ಮ ಹುಚ್ಚೆಲ್ಲ ಕನ್ನಡದಲ್ಲಿ ಮಾತಾಡಿಕೊಂಡೇ ಬೆಳೆದದ್ದು. ಬರೆಯಲು ಕೂತಾಗ ಮಾತ್ರ ಇಂಗ್ಲಿಷ್ ಆಗುತ್ತದೆ. ಇದು ನನಗೆ ನಿಜವಾದ ಕೊರಗು.

ಡಬ್ಬಿಂಗ್ ಅನ್ನುವುದು ಕಂಪನಿಗಳು ಕೊಡಬೇಕಾದದ್ದು, ಅದಕ್ಕೆ ಕೇಳೋಣ, ಕೇಳಿದರೆ ಸಿಗುವುದೂ ಉಂಟು. 2019ರಲ್ಲಿ ಅನಿಮೆ ನಿರ್ದೇಶಕ ಶಿಂಕಾಯ್ ಮಕೊಟೊ ಅವರ ಹೊಸ ಸಿನಿಮಾ ಭಾರತದ ಚಿತ್ರಮಂದಿರಗಳಿಗೆ ಬರಲಿ ಅಂತ ಅಭಿಮಾನಿಗಳು ಆನ್‌ಲೈನ್ ಅರ್ಜಿ ಹಾಕಿ 50 ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿದರು. ಆ ಅಕ್ಟೋಬರ್‌ನಲ್ಲಿ ಸಿನಿಮಾ ಬಂತು. ಆದರೆ ಹದಿನಾರು ಪುಟದ ಪುಸ್ತಕಕ್ಕೆ ಯಾರ ಸಹಿಯೂ ಬೇಡ. ಭರತ್ ಮೂರ್ತಿ ಜಪಾನಿಗೆ ಹೋಗಿ ದೋಜಿನ್‌ಶಿ ಲೋಕದ ಬಗ್ಗೆಯೇ ಸಾಕ್ಷ್ಯಚಿತ್ರ ಮಾಡಿದವರು. ಅವರೂ ಗೆಳೆಯರೂ ಸೇರಿ ಶುರು ಮಾಡಿದ ಇಂಡೀ ಕಾಮಿಕ್ಸ್ ಫೆಸ್ಟ್‌ನಲ್ಲಿ ವೇದಿಕೆಯ ಅಬ್ಬರವಿಲ್ಲ. ಮೇಜು, ಅದರ ಮೇಲೆ ಪುಸ್ತಕ, ಹಿಂದೆ ಬರೆದವರು. ಬೆಂಗಳೂರಿಗೂ ಅದು ಬಂದಿದೆ. ಕಾಮಿಕೆಟ್‌ನ ಗಾಳಿ ನನಗೆ ಇಲ್ಲಿ ಸೋಕಿದ್ದು ಅಂಥ ಕಡೆಯೇ.

ಅಷ್ಟಕ್ಕೂ ತಾನು ಬರೆದದ್ದನ್ನು ತಾನೇ ಹೊತ್ತು ಓದುಗರ ಬಳಿಗೆ ಒಯ್ಯುವುದು ಕನ್ನಡಕ್ಕೆ ಹೊಸದೇ? ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು, ಓದುವ ಜನರನ್ನು ಒಬ್ಬೊಬ್ಬರನ್ನಾಗಿ ಹುಟ್ಟಿಸಿದರು. ಸಾಹಿತ್ಯ ಸಮ್ಮೇಳನಕ್ಕೆ ಹೋದವರಿಗೆ ಗೊತ್ತು, ಗೋಷ್ಠಿಯಲ್ಲಿ ಕುರ್ಚಿ ಖಾಲಿ ಇದ್ದರೂ ಪುಸ್ತಕ ಮಳಿಗೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಳ್ಳಿಯಿಂದ ಬಂದವರು ಬಗಲಲ್ಲಿ ಪುಸ್ತಕದ ಕಟ್ಟು ಹಿಡಿದು ಬಸ್ಸು ಹತ್ತುವುದನ್ನು ನಾನು ನೋಡಿದ್ದೇನೆ. ಓದುವವರಿದ್ದಾರೆ. ಕಾನ್‌ಗೆ ಬರುವ ಹುಡುಗರಲ್ಲಿ ಕನ್ನಡ ಓದಬಲ್ಲವರು ಎಷ್ಟೋ ಜನ ಇದ್ದಾರೆ, ಮೆಟ್ರೊದಲ್ಲಿ ಅವರ ಮಾತು ಕೇಳಿದರೆ ಸಾಕು. ಅವರ ಮುಂದೆ ಮೇಜು ಹಾಕುವವರು ಬೇಕು.

ಗೆಳತಿಯೂ ನಾನೂ ಒಂದು ಮೇಜು ಹಾಕಲು ಹೊರಟಿದ್ದೇವೆ. ಅವಳು ಚಿತ್ರ, ನಾನು ಮಾತು. ಪುಸ್ತಕ ಹದಿನಾರು ಪುಟ. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕು, ಇಪ್ಪತ್ತಕ್ಕೆ ಹೋಗಲು ನಮ್ಮ ಬಜೆಟ್ ಒಪ್ಪಲಿಲ್ಲ. ಕಥೆ, ಮೊಮ್ಮಗಳೊಬ್ಬಳು ಅಜ್ಜಿಯ ಪಕ್ಕ ಕೂತು ಅನಿಮೆ ನೋಡುತ್ತ, ಸಬ್‌ಟೈಟಲ್ ಓದಿ ಓದಿ ಕನ್ನಡದಲ್ಲಿ ಹೇಳುವುದರ ಬಗ್ಗೆ. ನಮ್ಮ ಅಜ್ಜಿ ಹಾಗೇ ನೋಡುತ್ತಿದ್ದರು. ಯುದ್ಧದ ಭಾಗ ಬಂದರೆ ‘ಇದು ಇರಲಿ, ಅವರು ಊಟ ಯಾವಾಗ ಮಾಡ್ತಾರೆ ಹೇಳು’ ಅನ್ನುತ್ತಿದ್ದರು. ಖಳನಾಯಕನ ಬಾಲ್ಯ ತೋರಿಸಿದರೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ‘ತಾಯಿ ಇಲ್ಲದ ಮಗು, ಇನ್ನೇನಾಗ್ತಾನೆ’ ಅಂತ ಅವನನ್ನು ಕ್ಷಮಿಸಿಬಿಡುತ್ತಿದ್ದರು. ನಾನು ಕಂಡ ಅತ್ಯಂತ ಗಂಭೀರ ಅನಿಮೆ ಪ್ರೇಕ್ಷಕಿ ಅವರು. ಅವರ ಮಾತುಗಳನ್ನು ಒಂದಕ್ಷರ ತಿದ್ದದೆ ಬಳಸಿದ್ದೇನೆ.

ಗೆಳತಿ ಅಡುಗೆಮನೆ ಬರುವ ಪುಟಗಳನ್ನು ಮುಗಿಸಿದ್ದಾಳೆ. ಅಲ್ಲಿ ಟಿವಿಯೊಳಗಿನ ರಾಮೆನ್ ಬಟ್ಟಲಿನ ಹಬೆ, ಈಚೆ ಅಜ್ಜಿಯ ಒಲೆಯ ಮೇಲಿನ ಸಾರಿನ ಹಬೆ, ಎರಡೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಅದನ್ನು ಬಿಡಿಸಲು ಅವಳು ಕರಿ ಮಸಿ ಬಿಟ್ಟು ನೀರು ಬೆರೆಸಿದ ಬೂದು ಬಣ್ಣ ಹಿಡಿದಳು. ಅಕ್ಷರ ಕೈಯಲ್ಲೇ ಬರೆಯುವುದು ಅಂತ ತೀರ್ಮಾನವಾಗಿದೆ. ಮಾತಿನ ಗುಳ್ಳೆಯೊಳಗೆ ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡಬೇಕು, ಇಂಗ್ಲಿಷ್ ಅಳತೆಯ ಗುಳ್ಳೆ ಹಾಕಿದರೆ ಸಾಲುಗಳು ಒಂದಕ್ಕೊಂದು ತಾಕುತ್ತವೆ. ಹಾಗಾಗಿ ಗುಳ್ಳೆಗಳನ್ನೆಲ್ಲ ಎತ್ತರಿಸಿ ಮತ್ತೆ ಬಿಡಿಸುತ್ತಿದ್ದಾಳೆ. ಬೆಲೆ ಅರವತ್ತು ರೂಪಾಯಿ ಇಡೋಣ ಅಂತಿದ್ದೇವೆ, ಕಾಲೇಜು ಹುಡುಗರ ಜೇಬಿಗೆ ಭಾರವಾಗದ ಹಾಗೆ.

ಮೇಜು ಸಿಕ್ಕ ದಿನ ಎಲ್ಲಿ, ಯಾವಾಗ ಅಂತ ಇಲ್ಲೇ ಬರೆಯುತ್ತೇನೆ. ಬನ್ನಿ, ಪುಸ್ತಕ ತಿರುವಿ ನೋಡಿ, ಕೊಳ್ಳದಿದ್ದರೂ ಬೇಜಾರಿಲ್ಲ. ನೀವೂ ಏನಾದರೂ ಮಾಡಿದ್ದರೆ, ನಾಲ್ಕು ಪುಟದ ಜೆರಾಕ್ಸ್ ಆದರೂ ಸರಿ, ಎರಡು ಪ್ರತಿ ತನ್ನಿ. ಕಾಮಿಕೆಟ್‌ನಲ್ಲಿ ಅಕ್ಕಪಕ್ಕದ ಮೇಜಿನವರು ಬಾಗಿಲು ತೆರೆಯುವ ಮೊದಲು ತಮ್ಮ ತಮ್ಮ ಹೊಸ ಪುಸ್ತಕ ಬದಲಿಸಿಕೊಳ್ಳುತ್ತಾರೆ. ನಾವೂ ಬದಲಿಸಿಕೊಳ್ಳೋಣ.